ಮದ್ದಿನವನ ಬಹುಮಾನ

ಹೋದ ತಿಂಗಳು ಹುಬ್ಬಳ್ಳಿಯ ಹೃದಯದ ಡಾಕ್ಟರು ನನಗೊಂದು ಪುಟ್ಟ ಬಾಟಲಿ ಗುಳಿಗೆ ಬರೆದುಕೊಟ್ಟರು. ಎದೆ ಹಿಡಿದಂತಾದರೆ ಒಂದು ಗುಳಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು.

"ಮೊದಮೊದಲು ತಲಿ ಸಿಡೀತೈತ್ರಿ, ಹೆದರಬ್ಯಾಡ್ರಿ," ಎಂದರು ಡಾಕ್ಟರು. "ಕಲ್ಲು ಒಡಿಯೂ ಮದ್ದಿನ್ಯಾಗ ಇರತೈತಲ್ರಿ, ಅದರ ಜಾತೀದs ಇದು. ಅಗದಿ ಸ್ವಲ್ಪ ಇರತೈತಿ."

ವಿಜ್ಞಾನ ಕಲಿಸಿಯೇ ನಿವೃತ್ತಳಾದ ನನಗೆ ಇದು ಹೊಸ ಮಾತಲ್ಲ. ಆದರೂ ಒಂದು ಸಂಜೆ ಆ ಗುಳಿಗೆ ಇಟ್ಟುಕೊಂಡು ಕುರ್ಚಿಗೆ ಒರಗಿದಾಗ ಹಣೆಯ ನರ ಡಬಡಬ ಹೊಡೆದುಕೊಳ್ಳತೊಡಗಿತು. ಆಗ ಕಣ್ಣ ಮುಂದೆ ಬಂದದ್ದು ಕಲಘಟಗಿ ಕಡೆಯ ಒಂದು ಹಳ್ಳಿ, ಅಲ್ಲಿನ ಸಾರಿಸಿದ ಪಡಸಾಲೆ, ಕೌದಿ ಹೊಲಿಯುತ್ತ ಕುಳಿತ ನನ್ನ ಮನೆಯ ಮಾಲಕಿ. ಸೂಜಿ ಹಿಡಿದ ಕೈಯಿಂದಲೇ ಹಣೆ ಒತ್ತಿ ತೋರಿಸುತ್ತ ಆಕೆ ಹೇಳುತ್ತಿದ್ದಳು, "ನಮ್ಮನಿಯವ್ರು ದಿನಾ ಹಿಂಗ ತಲಿ ಹಿಡಕೊಂಡ ಬರ್ತಿದ್ರು ನೋಡ್ರಿ. ಮದ್ದು ಮುಟ್ಟಿದ ಕೈ. ಅದು ತಲೀಗೆ ಏರತೈತಿ. ಎಣ್ಣಿ ಹಚ್ಚಿ ತಿಕ್ಕತಿದ್ದೆ…"

ನಾನು ಆಕೆಯನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆ. ಆಕೆ ನನಗೆ ಅಕ್ಕೋರ ಅನ್ನುತ್ತಿದ್ದಳು, ವಯಸ್ಸಿನಲ್ಲಿ ನಾನೇ ಸಣ್ಣವಳಾಗಿದ್ದರೂ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಅಣ್ಣಿಗೇರಿಯ ಎರೆಮಣ್ಣಿನ ಬಯಲಿನಲ್ಲಿ ಬೆಳೆದ ನನಗೆ ಆ ಹಳ್ಳಿಯ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕಿತ್ತು. ಒಂದು ಕಡೆ ಭತ್ತದ ಗದ್ದೆ, ಅದರಾಚೆ ಕಾಡು. ಇನ್ನೊಂದು ಕಡೆ ಅರ್ಧ ಕಡಿದು ತಿಂದಂತಿದ್ದ ಒಂದು ಗುಡ್ಡ. ಅದು ಕಲ್ಲಿನ ಖಣಿ. ಮಧ್ಯಾಹ್ನ ಅಲ್ಲಿ ಸುರಂಗ ಹಾರಿಸಿದಾಗ, ಅಂದರೆ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಸಿಡಿಸಿದಾಗ, ಶಾಲೆಯ ಕಿಡಕಿಯ ಗಾಜು ಗುಂಯ್ ಅನ್ನುತ್ತಿತ್ತು. ಹುಡುಗರು ತಲೆಯನ್ನೂ ಎತ್ತುತ್ತಿರಲಿಲ್ಲ.

ಒಂಟಿ ಹೆಂಗಸಿಗೆ ಖೋಲಿ ಕೊಡುವವರು ಊರಲ್ಲಿ ಯಾರೂ ಇರಲಿಲ್ಲ. ವೈನಿ ಕೊಟ್ಟಳು. ಸಾಮಾನು ಇಳಿಸಿದ ದಿನವೇ ಎದುರು ಮನೆಯ ಮುದುಕಿ ನನ್ನನ್ನು ಬದಿಗೆ ಕರೆದು ಹೇಳಿದಳು, "ಅದು ಕುಡುಕನ ಮನಿ ಐತವಾ. ಕುಡುದು ಸುರಂಗದಾಗ ಸತ್ತಾಂವ." ವೈನಿಗೆ ಕೇಳಿಸಲಿ ಎಂದೇ ಆ ಮಾತು ಅಷ್ಟು ಜೋರಾಗಿತ್ತು. ವೈನಿ ನನ್ನ ಟ್ರಂಕು ಎತ್ತಿಕೊಂಡು ಒಳಗೆ ಹೋದಳು, ತಿರುಗಿ ನೋಡಲಿಲ್ಲ.

ಖಣಿಯಲ್ಲಿ ಮದ್ದು ತುಂಬುತ್ತಿದ್ದ ಗಂಡ ಸತ್ತು ಆಗ ಎರಡು ವರ್ಷವಾಗಿತ್ತು. ಮನೆಯಲ್ಲಿ ಆಕೆ ಮತ್ತು ಎಂಟನೇ ಇಯತ್ತೆ ಓದುತ್ತಿದ್ದ ಒಬ್ಬಳೇ ಮಗಳು. ತುಂಡು ಹೊಲ, ಒಂದು ಎಮ್ಮೆ, ಮತ್ತೆ ಈ ಕೌದಿ. ಊರವರು ಹಳೆ ಸೀರೆ ಧೋತರ ತಂದು ಒಗೆಯುತ್ತಿದ್ದರು. ವೈನಿ ಅವನ್ನು ಕತ್ತರಿಸಿ, ಜೋಡಿಸಿ, ಬಿಳಿ ದಾರದ ಸಾಲು ಸಾಲು ಹೊಲಿಗೆ ಹಾಕಿ ಹೊದಿಕೆ ಮಾಡಿಕೊಡುತ್ತಿದ್ದಳು. ಮಾತು ಹರಿತ. ಸಂತೆಯಲ್ಲಿ ಬದನೇಕಾಯಿ ತೂಗುವವ ತಕ್ಕಡಿಗೆ ಬೆರಳು ತಾಗಿಸಿದರೆ, "ಬೆರಳೂ ಹಾಕ್ರಿ ಚೀಲದಾಗ, ತೂಕಾ ಮಾಡೀರಲ್ಲ" ಅನ್ನುವ ಹೆಂಗಸು. ನಗುತ್ತಿರಲಿಲ್ಲ. ನಗಿಸುತ್ತಿದ್ದಳು.

ಗಂಡ ಸತ್ತ ಸಂಗತಿಯನ್ನು ಆಕೆ ತಾನಾಗಿಯೇ ಹೇಳಿದ್ದು ಆರು ತಿಂಗಳ ಮೇಲೆ. ಹಿಂದಿನ ದಿನ ಮಳೆಯಾಗಿತ್ತಂತೆ. ಮದ್ದಿನ ಬತ್ತಿ ಹಸಿಯಾಗಿತ್ತು. ಬೆಂಕಿ ಕೊಟ್ಟ ಮೇಲೆ ಒಂದು ತೂತು ಹಾರಲೇ ಇಲ್ಲ. ಹಾಗಾದಾಗ ಆ ದಿನ ಅದರ ತಂಟೆಗೆ ಹೋಗಬಾರದು, ಅದು ಕಸುಬಿನ ನಿಯಮ. ಆದರೆ ಕಲ್ಲು ಒಡೆದು ಖಡಿ ಮಾಡುವ ಮಷಿನ್ನು ಸುಮ್ಮನೆ ನಿಂತಿತ್ತು, ಲಾರಿಗಳು ಸಾಲು ಹಚ್ಚಿದ್ದವು. ಖಣಿಯ ಗುತ್ತೇದಾರ, ಊರೆಲ್ಲ ಸಾವ್ಕಾರ್ರು ಅನ್ನುತ್ತಿದ್ದ ಮನುಷ್ಯ, ತಾನೇ ನಿಂತು, "ಹೋಗಿ ನೋಡಲೇ, ಏನಾಗೂದಿಲ್ಲ" ಅಂದ. ಅವ ಹೋದ.

"ದಿನಾ ಎಷ್ಟು ಸಪ್ಪಳ ಆಗತಾವಂತ ನನಗ ಗೊತ್ತಿರತಿತ್ತು, ಅಕ್ಕೋರ. ಅಡಗಿ ಮಾಡಕೋತ ಎಣಸತಿದ್ದೆ. ಅವತ್ತ ಒಂದು ಕಡಿಮಿ ಆತು. ಹಸಿ ಮದ್ದು ಇರಬೇಕ ಬಿಡು ಅಂದ್ಕೊಂಡೆ. ಆಮ್ಯಾಲ ಹಿಂದಾಗಡೆ ಒಂದ ಬಂತು ನೋಡ್ರಿ…"

ಪಂಚನಾಮೆಯಲ್ಲಿ ಶವದ ಬಾಜೂ ಸಾರಾಯಿ ಬಾಟಲಿ ಸಿಕ್ಕಿತು ಎಂದು ಬರೆದರು. ಖಣಿಯಲ್ಲೇ ದುಡಿಯುವ ಇಬ್ಬರು ಅದಕ್ಕೆ ಹೆಬ್ಬೆಟ್ಟು ಒತ್ತಿದರು. ಪರಿಹಾರದ ಮಾತು ಅಲ್ಲಿಗೇ ಮುಗಿಯಿತು. ವೈನಿಗೆ ಅದರ ಚಿಂತೆಯೇ ಇರಲಿಲ್ಲ ಅಂದರೆ ಸುಳ್ಳಾದೀತು. ಆದರೆ ಆಕೆಯನ್ನು ಸುಟ್ಟದ್ದು ಕುಡುಕ ಎಂಬ ಒಂದು ಶಬ್ದ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನುಷ್ಯ, ಪೂಜೆಯಾಗದೆ ನೀರು ಕುಡಿಯದವ, ಒಂದೇ ಮಧ್ಯಾಹ್ನದಲ್ಲಿ ಕುಡುಕನಾಗಿ ಹೋದ. ಆಮೇಲೆ ಊರಲ್ಲಿ ಯಾರಾದರೂ ಕುಡಿದು ತೂರಾಡಿದರೆ ಹುಡುಗರು "ಸುರಂಗ ಹಾರೇತಿ" ಎಂದು ಕೈ ತಟ್ಟುತ್ತಿದ್ದರು. ಈ ಮಾತು ನಾನೇ ಶಾಲೆಯ ಅಂಗಳದಲ್ಲಿ ಕೇಳಿದ್ದೇನೆ. ಆಕೆಯ ಮಗಳೂ ಅಲ್ಲೇ ನಿಂತಿದ್ದಳು.

ಮುಂದಿನ ವರ್ಷದ ಅಕ್ಟೋಬರ್ ಇರಬೇಕು. ನಮ್ಮ ದೇಶದಲ್ಲೇ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಜ್ಞಾನಿಯೊಬ್ಬರಿಗೆ, ನಕ್ಷತ್ರಗಳು ಹೇಗೆ ಮುಗಿಯುತ್ತವೆ ಎಂದು ಲೆಕ್ಕ ಹಾಕಿದ್ದಕ್ಕಾಗಿ, ಸ್ವೀಡನ್ನಿನ ಆ ದೊಡ್ಡ ಪ್ರಶಸ್ತಿ ಬಂದಿದೆ ಎಂದು ರೇಡಿಯೋದಲ್ಲಿ ಹೇಳಿದರು. ನನಗೆ ಕಾಲು ನೆಲದ ಮೇಲೆ ನಿಲ್ಲದಷ್ಟು ಹುರುಪು. ಒಂದು ವಾರ ಪಾಠ ಬಿಟ್ಟು ಹುಡುಗರಿಗೆ ಆ ಪ್ರಶಸ್ತಿಯ ಇತಿಹಾಸ ಹೇಳಿದೆ. ಡೈನಮೈಟ್ ಕಂಡುಹಿಡಿದು ಶ್ರೀಮಂತನಾದ ಸ್ವೀಡನ್ನಿನ ಮನುಷ್ಯ. ಅದಕ್ಕೂ ಮೊದಲು ಅವನ ಕಾರ್ಖಾನೆಯೇ ಸಿಡಿದು ಅವನ ಕಿರಿಯ ತಮ್ಮನೂ ಬೇರೆ ಕೆಲವರೂ ಸತ್ತದ್ದು. ಮುಂದೊಮ್ಮೆ ಅವನ ಅಣ್ಣ ತೀರಿಕೊಂಡಾಗ ಪತ್ರಿಕೆಯವರು ಇವನೇ ಸತ್ತನೆಂದು ತಿಳಿದು "ಸಾವಿನ ವ್ಯಾಪಾರಿ ಸತ್ತ" ಎಂದು ಅಚ್ಚು ಹಾಕಿದ್ದನ್ನು ಅವನು ಬದುಕಿದ್ದೇ ಓದಿದನಂತೆ ಎಂಬ ಕಥೆ. ಆಮೇಲೆ ಆಸ್ತಿಯನ್ನೆಲ್ಲ ಪ್ರಶಸ್ತಿಗೆಂದು ಬರೆದಿಟ್ಟದ್ದು, ಬಳಗದವರು ತಕರಾರು ತೆಗೆದದ್ದು, ಹೊಸ ಶತಮಾನದ ಜೊತೆಗೆ ಪ್ರಶಸ್ತಿ ಶುರುವಾದದ್ದು. ಮೈಯೊಳಗಿನ ಎಲುಬು ಕಾಣಿಸುವ ಕಿರಣ ಕಂಡವನಿಗೆ ಮೊದಲ ವರ್ಷವೇ ಬಂತು. ನಮ್ಮ ಬಂಗಾಳದ ಕವಿಗೆ ಬಂತು. ಸಮುದ್ರದ ನೀಲಿ ನೋಡಿ ಬೆಳಕಿನ ಗುಟ್ಟು ಹಿಡಿದ ನಮ್ಮ ದಕ್ಷಿಣದ ವಿಜ್ಞಾನಿಗೆ ಬಂತು. ಕಲಕತ್ತೆಯಲ್ಲಿ ರೋಗಿಗಳನ್ನು ಎತ್ತಿಕೊಂಡ ಸನ್ಯಾಸಿನಿಗೆ ಬಂತು… ಪತ್ರಿಕೆಗಳಿಂದ ಕತ್ತರಿಸಿದ ಫೋಟೋ ಅಂಟಿಸಿ ದೊಡ್ಡದೊಂದು ತಕ್ತೆ ಮಾಡಿ ಗೋಡೆಗೆ ಹಚ್ಚಿದೆ.

ವೈನಿಯ ಮಗಳು ಕೇಳಿದ್ದನ್ನೆಲ್ಲ ಹೊತ್ತುಕೊಂಡು ಮನೆಗೆ ಹೋಗಿದ್ದಳು. ಸಂಜೆ ನಾನು ಹೋಗುವುದರೊಳಗೆ ವೈನಿ ಸೂಜಿ ಬದಿಗಿಟ್ಟು ಕಾಯುತ್ತಿದ್ದಳು.

"ಅಲ್ರಿ ಅಕ್ಕೋರ, ಆ ಮದ್ದು ಮಾಡಿದಾಂವ ಒಬ್ಬ ಮನುಷ್ಯಾನ ಅಂತ್ರಿ?"

"ಹೌದು ವೈನಿ."

"ನಾ ಏನೋ ಸರಕಾರ ಮಾಡೇತಿ ಅಂದ್ಕೊಂಡಿದ್ದೆ." ಬದಿಗಿಟ್ಟ ಸೂಜಿ ಕೈಗೆತ್ತಿಕೊಂಡಳು. "ತಮ್ಮ ಸತ್ತನಂತಲ್ಲ. ಜೋಡೀಲೆ ಸತ್ತವರು ಯಾರ‍್ರಿ?"

"ಕೆಲಸದವರು ಇರಬೇಕು. ಅವರ ಹೆಸರು ನಾ ಓದಿದ ಪುಸ್ತಕದಾಗ ಇರಲಿಲ್ಲ."

"ಇರೂದಿಲ್ಲ ಬಿಡ್ರಿ." ಅಷ್ಟು ಹೇಳಿ ದಾರ ಪೋಣಿಸಿದಳು. ಆಮೇಲೆ, "ಪೇಪರ್‌ದಾಗ ತನಗ ಬೈದಿದ್ದ ಓದಿ ಬಹುಮಾನ ಇಟ್ಟನಲ್ಲ, ಅಂದ್ರ ಅವಂಗ ಚಿಂತಿ ಹತ್ತಿದ್ದು ಸತ್ತವರದಲ್ಲ. ತನ್ನ ಹೆಸರಿಂದು."

ನಾನು ಮಾಸ್ತರಿಕೆಯ ದನಿಯಲ್ಲಿ ಏನೋ ಸಮಜಾಯಿಷಿ ಹೇಳಿದೆ. ಆಕೆ ಕೇಳಿಸಿಕೊಂಡಳು. ಅಂದಿನಿಂದ ಆ ಪ್ರಶಸ್ತಿಗೆ ನಮ್ಮ ಮನೆಯಲ್ಲಿ "ಮದ್ದಿನವನ ಬಹುಮಾನ" ಎಂದೇ ಹೆಸರಾಯಿತು. ಇಂದಿಗೂ ಅಕ್ಟೋಬರಿನಲ್ಲಿ ಅದರ ಸುದ್ದಿ ಬಂದರೆ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ.

ದಿನಾ ಸಂಜೆ ಒಬ್ಬೊಬ್ಬರ ಕಥೆ ಕೇಳುವುದು ಆಕೆಗೆ ಚಟವಾಯಿತು. ಗಾಳಿಯಿಂದ ಗೊಬ್ಬರ ಮಾಡುವ ದಾರಿ ತೋರಿಸಿ ಪ್ರಶಸ್ತಿ ಪಡೆದವನು, ಅದಕ್ಕೂ ಮುಂಚೆ ಯುದ್ಧದಲ್ಲಿ ವಿಷದ ಹೊಗೆ ಬಿಡಿಸಿದ್ದ ಎಂದು ಹೇಳಿದ ದಿನ ಆಕೆ ಹೊಲಿಗೆ ನಿಲ್ಲಿಸಿದಳು.

"ಅಂಥವಂಗೂ ಕೊಟ್ರು?"

"ಕೆಲಸಕ್ಕ ಕೊಡೂದು ವೈನಿ, ಮನುಷ್ಯಾಗ ಅಲ್ಲ."

"ಕೆಲಸ ತಾನs ತಾ ಮಾಡಕೋತೈತೇನ್ರಿ?"

ಉಪ್ಪು ಹಿಡಿದು ನಡೆದ ನಮ್ಮ ಮುದುಕನಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದ ದಿನ ನಾನು ಬೇರೆ ಕಥೆಗೆ ಮಾತು ತಿರುಗಿಸಿದೆ.

ಆದರೆ ಒಬ್ಬಳ ಕಥೆಯನ್ನು ಮಾತ್ರ ವೈನಿ ಮತ್ತೆ ಮತ್ತೆ ಹೇಳಿಸಿಕೊಂಡಳು. ರೇಡಿಯಂ ಕಂಡುಹಿಡಿದ ಪೋಲೆಂಡಿನ ಹೆಂಗಸಿನದು. ಗಂಡ ಹೆಂಡತಿ ಇಬ್ಬರಿಗೂ ಕೂಡಿಯೇ ಪ್ರಶಸ್ತಿ ಬಂತು. ಆಮೇಲೆ ಒಂದು ಮಳೆಯ ದಿನ ಗಂಡ ರಸ್ತೆ ದಾಟುವಾಗ ಕುದುರೆ ಗಾಡಿಯ ಕೆಳಗೆ ಸಿಕ್ಕು ಸತ್ತ. ಆಕೆ ಸಣ್ಣ ಮಕ್ಕಳನ್ನು ಕಟ್ಟಿಕೊಂಡು, ಗಂಡನ ಜಾಗದಲ್ಲೇ ನಿಂತು ಪಾಠ ಹೇಳಿದಳು, ಎರಡನೇ ಸಲ ಒಬ್ಬಳೇ ಪ್ರಶಸ್ತಿ ತೆಗೆದುಕೊಂಡಳು.

"ಮಳೀ ದಿನಾನs ಏನ್ರಿ?" ಎಂದು ಕೇಳಿದಳು ವೈನಿ. ಆಮೇಲೆ ದನಿ ಇಳಿಸಿ, "ಅವನೂ ಕುಡದಿದ್ದಾ ಅಂದ್ರೇನ್ರಿ ಮಂದಿ?"

"ಇಲ್ಲ ವೈನಿ. ಏನೋ ವಿಚಾರ ಮಾಡಕೋತ ಹೊಂಟಿದ್ದ ಅಂದ್ರು."

"ಪುಣ್ಯಾವಂತಿ ಆಕಿ," ಅಂದಳು.

ಮಗಳಿಗೆ ಹಿಡಿಸಿದ್ದು ಬೇರೆ. ಆ ಹೆಂಗಸಿನ ಮಗಳಿಗೂ ಮುಂದೆ ಅದೇ ಪ್ರಶಸ್ತಿ ಬಂತು ಎಂಬ ಸಂಗತಿ. "ಯವ್ವಾ, ತಾಯಿಗೂ ಬಂತು, ಮಗಳಿಗೂ ಬಂತು ನೋಡ," ಎಂದು ಅವ್ವನ ಭುಜ ಅಲುಗಾಡಿಸುತ್ತಿದ್ದಳು. ಓದಿನಲ್ಲಿ ಬೆಂಕಿಯಂಥ ಹುಡುಗಿ. ನಾನು ಕಲಿಸಿದ ಮಕ್ಕಳಲ್ಲಿ ಅಂಥವರನ್ನು ಆಮೇಲೆ ಹೆಚ್ಚು ಕಾಣಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ಸಾವ್ಕಾರ್ರಿಗೆ ಆ ಹೊತ್ತಿಗೆ ಚುನಾವಣೆಯ ಆಸೆ ಹುಟ್ಟಿತ್ತು. ಒಂದು ದಿನ ಶಾಲೆಗೆ ಬಂದು, ಹೆಡ್ ಮಾಸ್ತರರ ಖೋಲಿಯಲ್ಲಿ ಕುಳಿತು, ತಮ್ಮ ತಾಯಿಯ ಹೆಸರಿನಲ್ಲಿ ಒಂದು ಪ್ರಶಸ್ತಿ ಇಡುವುದಾಗಿ ಹೇಳಿದರು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಮೊದಲು ಬಂದವರಿಗೆ ಬೆಳ್ಳಿ ಪದಕ, ಮೇಲಾಗಿ ಧಾರವಾಡದ ಕಾಲೇಜು ಮುಗಿಯುವ ತನಕ ಹಾಸ್ಟೆಲಿನ ಖರ್ಚು. ಹೆಡ್ ಮಾಸ್ತರರು ಗೋಡೆಯ ಮೇಲಿನ ನನ್ನ ತಕ್ತೆಯನ್ನು ಅವರಿಗೆ ತೋರಿಸಿದರು. ಸ್ವೀಡನ್ನಿನವನ ಕಥೆ ಹೇಳಿದರು. ಸಾವ್ಕಾರ್ರು ಕೇಳಿ ತುಂಬ ಖುಷಿಯಾದರಂತೆ.

ಆ ವರ್ಷ ಶಾಲೆಗೆ ಮೊದಲು ಬಂದವಳು ವೈನಿಯ ಮಗಳು.

ಸುದ್ದಿ ಹೇಳಲು ನಾನೇ ಓಡಿಹೋದೆ. ಹುಡುಗಿ ಅವ್ವನನ್ನು ಅಪ್ಪಿಕೊಂಡಳು. ವೈನಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು, ಪೂರ್ತಿ ಹಾಕಿ ಮುಗಿಸಿದಳು. ಆಮೇಲೆ ಹೇಳಿದಳು, "ತಗೊಳ್ಳಲಿ. ಆದ್ರ ಅಂವ ಒಂದ ಮಾತ ಹೇಳಬೇಕು. ಎಲ್ಲಾರ ಮುಂದ, ಈಕಿ ಅಪ್ಪ ಕುಡೀತಿದ್ದಿಲ್ಲ ಅನಬೇಕು. ಮದ್ದು ಹಸಿ ಆಗಿತ್ತು, ನಾನs ಹೋಗಂದೆ ಅಂತ ಅನೂದು ಬ್ಯಾಡ. ಅಷ್ಟು ನಾ ಕೇಳೂದಿಲ್ಲ. ಕುಡೀತಿದ್ದಿಲ್ಲ, ಅಷ್ಟs ಅನ್ನಲಿ."

ಕಲಘಟಗಿಯಲ್ಲಿ ಸಾವ್ಕಾರ್ರ ಮನೆ. ವೈನಿ ನನ್ನನ್ನೂ ಜೋಡಿ ಕರೆದುಕೊಂಡು ಹೋದಳು. ನಮ್ಮನ್ನು ಒಳಗೆ ಕರೆದು ಕುರ್ಚಿಯ ಮೇಲೆ ಕೂಡ್ರಿಸಿದರು, ಚಹಾ ತರಿಸಿದರು. ವೈನಿ ಚಹಾ ಮುಟ್ಟಲಿಲ್ಲ. ಹೇಳಬೇಕಾದದ್ದನ್ನು ನಿಂತುಕೊಂಡೇ ಹೇಳಿದಳು. ದನಿ ಒಂದಿಷ್ಟೂ ನಡುಗಲಿಲ್ಲ.

ಸಾವ್ಕಾರ್ರು ತಲೆ ತಗ್ಗಿಸಿ ಕೇಳಿದರು. ಕಣ್ಣಲ್ಲಿ ನೀರು ಬಂದಂತೆ ಇತ್ತು. ಬಂದಿತ್ತೋ ಏನೋ, ಈಗ ನನಗೆ ಖಾತ್ರಿಯಿಲ್ಲ. "ಆತು ತಂಗಿ," ಅಂದರು. "ಹೇಳೂಣು. ನಾಕು ಮಂದ್ಯಾಗ ಹೇಳೂಣು. ನನ್ನ ಮನಸಿನ್ಯಾಗೂ ಅದು ಕೊರೀತೈತಿ."

ಮರಳಿ ಬರುವಾಗ ಬಸ್ಸಿನಲ್ಲಿ ವೈನಿ ಕಿಡಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಒಮ್ಮೆಲೇ ನನ್ನ ಕಡೆ ತಿರುಗಿ ನಕ್ಕಳು. ಆಕೆಯ ಹಲ್ಲುಗಳು ಅಷ್ಟು ಚೆಂದ ಇದ್ದವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ…

ಸಮಾರಂಭದ ದಿನ ಶಾಲೆಯ ಅಂಗಳಕ್ಕೆ ಪೆಂಡಾಲ್ ಹಾಕಿದ್ದರು. ಹುಬ್ಬಳ್ಳಿಯಿಂದ ಫೋಟೋದವರು ಬಂದಿದ್ದರು. ಖಣಿಯ ಕೆಲಸಗಾರರಿಗೆಲ್ಲ ರಜೆ ಕೊಟ್ಟು ಲಾರಿಯಲ್ಲಿ ತಂದಿಳಿಸಿದ್ದರು, ಹೆಬ್ಬೆಟ್ಟು ಒತ್ತಿದ್ದ ಇಬ್ಬರೂ ಅವರಲ್ಲಿದ್ದರು. ವೈನಿ ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟು ಬಂದು ಮುಂದಿನ ಸಾಲಿನಲ್ಲಿ ನನ್ನ ಬಾಜೂ ಕುಳಿತಳು. ಸುತ್ತಲಿನ ಹೆಂಗಸರನ್ನು ಆ ದಿನ ಆಕೆ ತಲೆ ಎತ್ತಿ ನೋಡಿದಳು. ಇನ್ನು ಅರ್ಧ ಗಂಟೆಯಲ್ಲಿ ಅವರಿಗೆಲ್ಲ ಗೊತ್ತಾಗಲಿದೆ ಎಂಬ ನೋಟ ಅದು.

ಹೆಡ್ ಮಾಸ್ತರರು ಮೊದಲು ಎದ್ದರು. ನನ್ನ ತಕ್ತೆಯ ಮೇಲಿದ್ದದ್ದನ್ನೆಲ್ಲ ಹೇಳಿದರು. ಎಷ್ಟೋ ಹೆಸರು ತಪ್ಪಿದವು, ಕವಿಗೆ ಬಂದದ್ದನ್ನು ವಿಜ್ಞಾನಿಗೆ ಕೊಟ್ಟರು. ಕೊನೆಗೆ ಕೈ ಎತ್ತಿ, "ಅಲ್ಲಿ ಸ್ವೀಡನ್ ದೇಶದಾಗ ಒಬ್ಬ ಮಹಾನುಭಾವ ಮದ್ದಿನಿಂದ ಗಳಿಸಿದ್ದನ್ನ ವಿದ್ಯಾಕ್ಕ ಕೊಟ್ಟ. ಇಲ್ಲಿ ನಮ್ಮ ಸಾವ್ಕಾರ್ರು ಕೊಟ್ಟಾರ. ಅವಂದೂ ಮದ್ದು, ಇವರದೂ ಮದ್ದು!" ಎಂದರು. ಚಪ್ಪಾಳೆ ಬಿತ್ತು. ಕೆಲಸಗಾರರೂ ತಟ್ಟಿದರು.

ಆಮೇಲೆ ಸಾವ್ಕಾರ್ರು ಮೈಕಿನ ಮುಂದೆ ಬಂದರು. ವೈನಿ ನನ್ನ ಮುಂಗೈ ಹಿಡಿದುಕೊಂಡಳು.

"ಈ ಹುಡುಗಿ ಅಪ್ಪ ನನ್ನ ಕಡೇನs ಇದ್ದ," ಎಂದು ಶುರು ಮಾಡಿದರು. "ಭಾಳ ಒಳ್ಳೆ ಕೆಲಸಗಾರ. ನನ್ನ ತಮ್ಮ ಇದ್ದಾಂಗ ಇದ್ದ."

ಹಿಡಿತ ಬಿಗಿಯಾಯಿತು.

"ಒಂದs ಒಂದು ಕೆಟ್ಟ ಚಟ. ಕುಡೀತಿದ್ದ. ಅದು ಅವನ ಜೀವಾ ತಗೊಂತು. ನನಗೂ ನುಕ್ಸಾನ ಆತು, ಹೆಸರು ಕೆಟ್ಟಿತು. ಆದ್ರ ಅಪ್ಪನ ತಪ್ಪು ಮಗಳ ತಲೀ ಮ್ಯಾಲ ಹಾಕೂ ಮನುಷ್ಯಾ ನಾ ಅಲ್ಲ. ಕುಡುಕನ ಮಗಳಾದ್ರೂ ಆಕಿ ನನ್ನ ಮಗಳs!"

ಹಿಂದೆಂದೂ ಕೇಳದಂಥ ಚಪ್ಪಾಳೆ. ಕೆಲವರು ಕಣ್ಣೊರೆಸಿಕೊಂಡರು. ಅವರ ಮನಸ್ಸಿನಲ್ಲಿ ಆ ಕ್ಷಣಕ್ಕೆ ಸಾವ್ಕಾರ್ರು ದೇವರಾಗಿದ್ದರು. ಸತ್ತವನು ಕುಡುಕನಾಗಿದ್ದರೇ ಅಲ್ಲವೇ, ಕೊಟ್ಟವನು ದೊಡ್ಡವನಾಗುವುದು?

ವೈನಿ ಎದ್ದು ನಿಂತಳು. "ಏನ ಹೇಳತೀನಿ ಅಂದಿದ್ರಿ, ಏನ ಹೇಳಾಕತ್ತೀರಿ?" ದೊಡ್ಡ ದನಿಯಲ್ಲೇ ಕೇಳಿದಳು. ಆದರೆ ಮೈಕು ಇದ್ದದ್ದು ಅವರ ಕೈಯಲ್ಲಿ. "ಕೂಡ್ರು ತಂಗಿ, ಕೂಡ್ರು. ನಿನ್ನ ಸಂಕಟ ನನಗ ತಿಳೀತೈತಿ," ಎಂದು ಅವರು ಪ್ರೀತಿಯಿಂದ ಹೇಳಿದ್ದು ಇಡೀ ಅಂಗಳಕ್ಕೆ ಕೇಳಿಸಿತು. ನಾನೂ ಎದ್ದು, "ಸುಳ್ಳದು, ಸುಳ್ಳು!" ಎಂದೆ. ಹಿಂದಿನ ಹೆಂಗಸರು ಇಬ್ಬರ ಸೆರಗನ್ನೂ ಹಿಡಿದು ಜಗ್ಗಿದರು.

ಆಗ ಹುಡುಗಿಯ ಹೆಸರು ಕರೆದರು.

ಅವಳು ವೇದಿಕೆಯ ಪಕ್ಕದ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವ್ವನ ಕಡೆ ನೋಡಿದಳು. ವೈನಿ ತಲೆಯಾಡಿಸಿದಳು, ಬೇಡ ಎಂದು. ನಿಧಾನಕ್ಕೆ, ಸ್ಪಷ್ಟವಾಗಿ. ಹುಡುಗಿ ನೋಡುತ್ತಲೇ ಇದ್ದಳು. ಮತ್ತೊಮ್ಮೆ ಹೆಸರು ಕರೆದರು. ಅವಳು ಮೆಟ್ಟಿಲು ಹತ್ತಿದಳು. ಎರಡೂ ಕೈ ಚಾಚಿ ಪದಕ ತೆಗೆದುಕೊಂಡಳು. ಆಮೇಲೆ ಬಗ್ಗಿ ಸಾವ್ಕಾರ್ರ ಕಾಲು ಮುಟ್ಟಿದಳು. ಅವರು ಅವಳ ತಲೆಯ ಮೇಲೆ ಕೈ ಇಟ್ಟರು, ಫೋಟೋದವರು ಕ್ಲಿಕ್ ಅನ್ನಿಸುವ ತನಕ ಕೈ ತೆಗೆಯಲಿಲ್ಲ.

ವೈನಿ ಫೋಟೋ ಮುಗಿಯುವ ತನಕ ನೋಡಿದಳು. ಆಮೇಲೆ ಮಂದಿಯ ನಡುವೆ ದಾರಿ ಮಾಡಿಕೊಂಡು ಮನೆಗೆ ಹೋದಳು.

ಆ ಸಂಜೆ ಗೋಡೆಯ ಈಚೆ ಕುಳಿತ ನನಗೆ ಆಚೆಯ ಮಾತು ಕೇಳುತ್ತಿತ್ತು.

"ನೀ ಅವನ ಕಾಲು ಮುಟ್ಟಿದಿ."

"ಎಲ್ಲಾರೂ ಮುಟ್ಟತಾರ ಯವ್ವಾ."

"ನೀ ಮುಟ್ಟಬಾರದಿತ್ತು."

"ಅಪ್ಪ ಹೊಳ್ಳಿ ಬರೂದಿಲ್ಲ." ಹುಡುಗಿ ಅಳುತ್ತಿದ್ದಳು. "ಅಂವ ಹೇಳಿದ್ರೂ ಬರೂದಿಲ್ಲ, ಹೇಳದಿದ್ರೂ ಬರೂದಿಲ್ಲ. ಬ್ಯಾಡಂದ್ರ ನಾ ಇಲ್ಲೇ ಕೌದಿ ಹೊಲಕೋತ ಕುಂದರಬೇಕು. ಆ ರೇಡಿಯಂ ಹೆಂಗಸಿಗೆ ಕಾಲೇಜ ಇತ್ತು. ನನಗ ಇದನ್ನ ಬಿಟ್ರ ಏನೈತಿ ಹೇಳ?"

ಆ ದಿನದ ನಂತರ ಮಗಳ ಜೊತೆ ವೈನಿ ಮಾತು ಬಿಟ್ಟಳು.

ಸಾಲ ಮಾಡಿಯಾದರೂ ಓದಿಸೋಣ, ನಾನೂ ಕೈ ಹಚ್ಚುತ್ತೇನೆ ಎಂದು ನಾನು ಇಬ್ಬರಿಗೂ ಹೇಳಿ ನೋಡಿದೆ. ಹುಡುಗಿ, "ಒಮ್ಮೆ ತಗೊಂಡಾತಲ್ರಿ ಅಕ್ಕೋರ, ಈಗ ಬಿಟ್ರ ಕಾಲು ಮುಟ್ಟಿದ್ದು ಹೋಗತೈತೇನು?" ಎಂದಳು. ವೈನಿ ಹಾಸ್ಟೆಲಿಗೆಂದು ಹೊಸ ಕೌದಿ ಹೊಲಿದಳು. ಬುತ್ತಿ ಕಟ್ಟಿದಳು. ಬಸ್ಸಿಗೆ ಹತ್ತಿಸಲು ಹೋದವಳು ನಾನು.

ರಜೆಗೆ ಮಗಳು ಬಂದರೆ ವೈನಿ ಅವಳಿಗೆ ಇಷ್ಟವಾದದ್ದನ್ನೇ ಮಾಡಿ ಬಡಿಸುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಾತಿಲ್ಲ. ಮಗಳು ಮೊದಮೊದಲು ಕಾಡಿ ಬೇಡಿ ಅಳುತ್ತಿದ್ದಳು. ಆಮೇಲೆ ಅವಳೂ ಸುಮ್ಮನಾದಳು. ಬರುವುದೂ ಕಡಿಮೆಯಾಯಿತು. ಒಮ್ಮೆ ನಾನು ಸಿಟ್ಟಿನಿಂದಲೇ ಕೇಳಿದೆ, ಇದೆಂಥ ಹಟ ವೈನಿ, ಸಣ್ಣ ಹುಡುಗಿ ಅದು ಎಂದು.

"ಆಕಿ ಮ್ಯಾಲ ನನಗ ಸಿಟ್ಟಿಲ್ಲ, ಅಕ್ಕೋರ," ಅಂದಳು. "ಆಕಿ ಮಾರಿ ನೋಡಿದ್ರ ಆಕಿ ತಲೀ ಮ್ಯಾಲ ಅವನ ಕೈ ಕಾಣತೈತಿ. ಮಾತು ಬಾಯಿಗೆ ಬರೂದಿಲ್ಲ. ಏನ ಮಾಡ್ಲಿ?"

ಸಾವ್ಕಾರ್ರು ಚುನಾವಣೆ ಗೆದ್ದರು. ಅವರ ಹ್ಯಾಂಡ್‌ಬಿಲ್ಲಿನ ಮೇಲೆ ಆ ಫೋಟೋ ಇತ್ತು. ಒಂದು ಪ್ರತಿ ವೈನಿಯ ಬಾಗಿಲಿಗೂ ಯಾರೋ ಸಿಗಿಸಿ ಹೋಗಿದ್ದರು. ಆಕೆ ಅದನ್ನು ಹರಿಯಲಿಲ್ಲ, ಮಡಚಿ ಒಲೆಗೆ ಹಾಕಿದಳು. ಆ ವರ್ಷವೇ ನನಗೆ ಅಣ್ಣಿಗೇರಿಗೆ ವರ್ಗವಾಯಿತು. ಹೊರಡುವಾಗ ನನಗೂ ಒಂದು ಕೌದಿ ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ. "ಮದ್ದಿನವನ ಬಹುಮಾನ ಯಾರಿಗೆ ಬಂತಂತ ವರ್ಷಾ ವರ್ಷಾ ತಿಳಸ್ರಿ," ಅಂದಳು. ಮೂರ್ನಾಲ್ಕು ವರ್ಷ ಹೋಗಿ ಬಂದು ತಿಳಿಸಿದೆ. ಆಮೇಲೆ ಮದುವೆ, ಮಕ್ಕಳು… ಹೋಗುವುದು ತಪ್ಪಿತು.

ಆಕೆ ತೀರಿಕೊಂಡ ಸುದ್ದಿ ಹೇಳಿದ್ದು ಮಗಳೇ. ಆಗ ಅವಳು ಧಾರವಾಡದಲ್ಲಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಅವ್ವ ನರ್ಸುಗಳ ಜೊತೆ, ಬಾಜೂ ಹಾಸಿಗೆಯವರ ಜೊತೆ ಚೆನ್ನಾಗಿ ಮಾತಾಡುತ್ತಿದ್ದಳಂತೆ. ನಗಿಸುತ್ತಿದ್ದಳಂತೆ.

"ನನಗ ಒಂದs ಸಲ ಕೇಳಿದ್ಲ್ರಿ. ಊಟ ಆತೇನು ಅಂತ. ಅಷ್ಟs," ಅಂದಳು. "ಆತವ್ವಾ ಅಂದೆ. ಆಗಿದ್ದಿಲ್ಲ. ಆಗಿಲ್ಲ ಅಂದಿದ್ರ ಇನ್ನೊಂದ ಮಾತು ಆಡತಿದ್ಲೇನೋ…"

ಮೊನ್ನೆ ಆ ಹೈಸ್ಕೂಲಿನವರು ವಾರ್ಷಿಕೋತ್ಸವಕ್ಕೆ ಹಳೆಯ ಶಿಕ್ಷಕರನ್ನು ಕರೆದರು. ಹೋಗಿದ್ದೆ. ಖಣಿ ನಿಂತುಹೋಗಿದೆ. ಗುಡ್ಡ ಇದ್ದಲ್ಲಿ ದೊಡ್ಡ ಹೊಂಡ, ಹಸಿರು ನೀರು. ಸಾವ್ಕಾರ್ರೂ ಹೋಗಿ ಎಷ್ಟೋ ಕಾಲವಾಯಿತಂತೆ, ಪ್ರಶಸ್ತಿ ಮಾತ್ರ ನಡೆಯುತ್ತಿದೆ. ಈಗಿನ ಹೆಡ್ ಮಾಸ್ತರರು ಎಳೆಯ ವಯಸ್ಸಿನವರು, ಸಭ್ಯ ಮನುಷ್ಯ. ಪ್ರಶಸ್ತಿ ಪಡೆದವರ ಹೆಸರನ್ನು ಬಣ್ಣದಲ್ಲಿ ಬರೆಸಿದ ಹಲಗೆಯನ್ನು ಹೆಮ್ಮೆಯಿಂದ ತೋರಿಸಿದರು. ಎಲ್ಲಕ್ಕೂ ಮೇಲೆ ವೈನಿಯ ಮಗಳ ಹೆಸರು.

"ಮೊದಲನೇ ಸಲ ತಗೊಂಡಾಕಿ ಒಬ್ಬ ಕುಡುಕನ ಮಗಳಂತ್ರಿ. ಅಪ್ಪ ಕುಡುದು ಖಣ್ಯಾಗ ಸತ್ತಿದ್ನಂತ. ಅಂಥಾ ಮನಿ ಹುಡುಗಿನ್ನೂ ಸಾವ್ಕಾರ್ರು ಮ್ಯಾಲ ತಂದ್ರು."

"ಅಂವ ಕುಡೀತಿದ್ದಿಲ್ರಿ," ಅಂದೆ. "ಅವರ ಮನ್ಯಾಗ ನಾ ಬಾಡಿಗಿ ಇದ್ದೆ. ಅವನ ಹೆಂಡ್ತಿನ್ನ ಅಗದಿ ಹತ್ತಿರದಿಂದ ಬಲ್ಲೆ. ಅಂವ ಕುಡೀತಿದ್ದಿಲ್ಲ."

"ಹೌದೇನ್ರಿ?" ಅವರು ತಲೆಯಾಡಿಸಿದರು. "ಇರಬಹುದ್ರಿ ಮೇಡಂ. ನಮಗ ಮೊದಲಿನಿಂದ ಹಿಂಗs ಹೇಳಿಕೋತ ಬಂದಾರ." ಆಮೇಲೆ ಗಡಿಯಾರ ನೋಡಿ, "ಬರ‍್ರಿ, ಕಾರ್ಯಕ್ರಮ ಚಾಲೂ ಆತು," ಎಂದು ನನ್ನ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿದರು.

ಅವನು ಕುಡಿಯುತ್ತಿರಲಿಲ್ಲ ಎಂದು ಜೀವಮಾನವಿಡೀ ಹೇಳಿದ ಹೆಂಗಸು ಇಲ್ಲ. ಮಗಳು ಆ ಊರಿಗೆ ಕಾಲಿಡುವುದಿಲ್ಲ. ವೇದಿಕೆಯ ಮೇಲೆ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಮೈಕಿನ ಮುಂದೆ ಬಂದು ನಿಂತಳು. ಕೈ ಕಟ್ಟಿಕೊಂಡು ನಮ್ಮ ಶಾಲೆಯ ಪ್ರಶಸ್ತಿಯ ಇತಿಹಾಸ ಹೇಳತೊಡಗಿದಳು. ಒಂದಾನೊಂದು ಕಾಲದಲ್ಲಿ ನಮ್ಮೂರಿನ ಖಣಿಯಲ್ಲಿ ಒಬ್ಬ ಕುಡುಕನಿದ್ದನು… ಚೆನ್ನಾಗಿ ಕಲಿಸಿದ್ದರು. ದನಿ ಇಂಪಾಗಿತ್ತು. ಒಂದು ಅಕ್ಷರವೂ ತಪ್ಪಲಿಲ್ಲ.